ಡ್ರ್ಯಾಗನ್ ಇಲ್ಲದೆಯೂ ನಡೆಯುವ ಆಟ

ಕಾಗವಾಡ ತಾಲ್ಲೂಕಿನ ಶೇಡಬಾಳದ ಕಡೆ ಜೈನರ ಪಂಚಕಲ್ಯಾಣ ಮಹೋತ್ಸವ ನಡೆದರೆ, ನಿನ್ನೆಯವರೆಗೆ ಕಬ್ಬಿಗೆ ನೀರು ಹಾಯಿಸುತ್ತಿದ್ದ ರೈತ ಸೌಧರ್ಮ ಇಂದ್ರನಾಗುತ್ತಾನೆ. ಅವನ ಹೆಂಡತಿ ಶಚಿದೇವಿ. ಕಿರಾಣಿ ಅಂಗಡಿಯವರು ಕುಬೇರ. ಇನ್ನೊಂದು ಮನೆಯ ದಂಪತಿ ತೀರ್ಥಂಕರರ ತಾಯಿ-ತಂದೆ. ಪಾತ್ರಗಳಿಗೆ ಸವಾಲು ಕೂಗುತ್ತಾರೆ, ಬಂದ ಹಣ ಧರ್ಮಕಾರ್ಯಕ್ಕೆ ಸಲ್ಲುತ್ತದೆ. ಗರ್ಭ, ಜನ್ಮ, ದೀಕ್ಷೆ, ಕೇವಲಜ್ಞಾನ, ಮೋಕ್ಷ ಎಂಬ ಐದು ಕಲ್ಯಾಣಗಳು ಮುಗಿಯುವ ತನಕ ಕಿರೀಟ ತಲೆಯ ಮೇಲಿರುತ್ತದೆ. 1925ರಲ್ಲಿ ಆಚಾರ್ಯ ವಿದ್ಯಾನಂದ ಮುನಿಗಳು ಹುಟ್ಟಿದ ಈ ಊರಿನಲ್ಲಿ, ಇನ್ನೊಬ್ಬರ ಪಾತ್ರ ತೊಡುವುದೆಂದರೆ ಏನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಊರುಗಳಿಂದ ಪುಣೆಗೋ ಬೆಂಗಳೂರಿಗೋ ಕಲಿಯಲು ಹೋದ ಹುಡುಗ ಹುಡುಗಿಯರು ಅಲ್ಲಿ ಮತ್ತೊಂದು ಬಗೆಯ ಪಾತ್ರದಾಟವನ್ನು ಕಾಣುತ್ತಾರೆ. ಅದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ (ಡಿ ಅಂಡ್ ಡಿ) ಮತ್ತು ಅದರ ಹಿಂದೆ ಬಂದ ನೂರಾರು ಆಟಗಳು. 2016ರಲ್ಲಿ ಶುರುವಾದ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ಮೊದಲ ಕಂತಿನಲ್ಲೇ ನಾಲ್ವರು ಹುಡುಗರು ನೆಲಮಾಳಿಗೆಯಲ್ಲಿ ಕೂತು ಆಡುವುದು ಇದನ್ನೇ. ವೇಷವಿಲ್ಲ, ರಂಗವಿಲ್ಲ, ನೋಡುಗರೂ ಇಲ್ಲ. ಒಬ್ಬರು ಆಟ ನಡೆಸುತ್ತಾರೆ. ಉಳಿದ ಮೂವರೋ ನಾಲ್ವರೋ ತಲಾ ಒಂದು ಪಾತ್ರ ಹಿಡಿಯುತ್ತಾರೆ: ಯೋಧ, ಮಾಂತ್ರಿಕ, ಕಳ್ಳ, ಪೂಜಾರಿ. ಎದುರಿಗೆ ಹಾಳೆ, ಪೆನ್ಸಿಲ್, ಬಗೆಬಗೆಯ ದಾಳಗಳು. ಕತೆ ನಡೆಯುವುದು ಪೂರ್ತಿ ಬಾಯಿಮಾತಿನಲ್ಲಿ.

ಈ ಆಟದ ತಿರುಳು ಯಾವುದು? ಯಾವುದನ್ನು ತೆಗೆದರೆ ಅದು ಆ ಆಟವಾಗಿ ಉಳಿಯುವುದಿಲ್ಲ? ಆಡುವವರನ್ನು ಕೇಳಿದರೆ ಕೆಲವರು ಇಪ್ಪತ್ತು ಮುಖದ ದಾಳ ಎನ್ನುತ್ತಾರೆ, ಕೆಲವರು ಕತ್ತಿ-ಮಂತ್ರಗಳ ಲೋಕ ಎನ್ನುತ್ತಾರೆ, ಇನ್ನು ಕೆಲವರು ಬಲ, ಚುರುಕು, ಬುದ್ಧಿ ಮುಂತಾದ ಆರು ಗುಣಗಳ ಲೆಕ್ಕ ಎನ್ನುತ್ತಾರೆ. ಕನ್ನಡದಲ್ಲಿ ಈ ಆಟ ಬೇರೂರಬೇಕೆಂದು ಬಯಸುವವರು ಈ ಪ್ರಶ್ನೆಗೆ ಸರಿಯಾದ ಉತ್ತರ ಕಂಡುಕೊಳ್ಳಲೇಬೇಕು. ಏಕೆಂದರೆ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಧೈರ್ಯವಾಗಿ ಬಿಡಬಹುದು ಎಂಬುದು ಅದರ ಮೇಲೇ ನಿಂತಿದೆ.

ಆಟ ಹೇಗೆ ಸಾಗುತ್ತದೆಂದು ಕಲ್ಪಿಸಿಕೊಂಡು ನೋಡೋಣ. ನಡೆಸುವವರು ಹೇಳುತ್ತಾರೆ: “ಕೃಷ್ಣಾ ಹೊಳಿ ತುಂಬಿ ಹರಿಯಾಕತ್ತೈತಿ. ಉಗಾರ-ಕುಡಚಿ ನಡುವಿನ ಸೇತುವಿ ಮುಳಗೈತಿ. ನಿಮಗ ಬೇಕಾದ ಮಾಂತ್ರಿಕ ಆಚಿ ದಂಡಿಗೆ ಅದಾನ. ಈಗೇನ್ ಮಾಡ್ತೀರಿ?” ಒಬ್ಬ ಈಜುತ್ತೇನೆ ಎನ್ನುತ್ತಾನೆ. ಇನ್ನೊಬ್ಬ ಹಗ್ಗ ಕಟ್ಟಿ ತೆಪ್ಪ ಬಿಡೋಣ ಎನ್ನುತ್ತಾನೆ. ಇವೆರಡಕ್ಕೂ ನಿಯಮದ ಪುಸ್ತಕದಲ್ಲಿ ಉತ್ತರವಿದೆ. ಅಷ್ಟರಲ್ಲಿ ಮೂರನೆಯವಳು ಹೇಳುತ್ತಾಳೆ: “ನಾ ಗಂಗವ್ವಗ ಉಡಿ ತುಂಬಿ, ಹಾದಿ ಬಿಡವ್ವಾ ಅಂತ ಕೇಳ್ಕೋತೇನಿ.” ಇದಕ್ಕೆ ಯಾವ ಪುಸ್ತಕದಲ್ಲೂ ಉತ್ತರವಿಲ್ಲ. ನಡೆಸುವವರು ಅಲ್ಲೇ, ಆಗಲೇ ಯೋಚಿಸಬೇಕು. ಈ ಲೋಕದಲ್ಲಿ ಹೊಳೆಗೆ ಕಿವಿಯಿದೆಯೇ? ಇದ್ದರೆ ಅವಳೇನು ಕೇಳಿಯಾಳು? ದಾಳ ಉರುಳಿಸಬೇಕೇ, ಎಷ್ಟು ಬಿದ್ದರೆ ಗೆದ್ದಂತೆ? ಅವರು ಏನೇ ಹೇಳಲಿ, ಅಲ್ಲಿಂದ ಮುಂದೆ ಅದು ನಡೆದ ಸಂಗತಿ. ಹೊಳೆ ಒಮ್ಮೆ ಮಾತಾಡಿದರೆ ಮುಂದಿನ ವಾರದ ಆಟದಲ್ಲೂ ಮಾತಾಡುವ ಹೊಳೆಯಾಗಿಯೇ ಇರಬೇಕು.

ಆಟದ ತಿರುಳು ಇರುವುದು ಇಲ್ಲೇ. ಯಾರೂ ಮೊದಲೇ ಎಣಿಸದ ಒಂದು ನಡೆಯನ್ನು ಆಟಗಾರ ಬಾಯಿಬಿಟ್ಟು ಹೇಳಬಹುದು, ಅದಕ್ಕೆ ನ್ಯಾಯವಾದ ಮರುಮಾತು ಸಿಗಬೇಕು, ಆ ಮರುಮಾತಿಗೆ ಕತೆ ಕಟ್ಟುಬೀಳಬೇಕು. ಮಿಕ್ಕಿದ್ದೆಲ್ಲ ಬದಲಾಗಬಲ್ಲದ್ದು. ಬದಲಾಗಿಯೂ ಇದೆ.

ಆಟದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂತು. ಒಂದು ಪೆಟ್ಟಿಗೆ, ಒಳಗೆ ಮೂರು ಪುಸ್ತಿಕೆ, ಮೊದಲ ಮುದ್ರಣ 1000 ಪ್ರತಿ. ಆ ಪುಸ್ತಿಕೆಗಳಲ್ಲಿ ಟೋಲ್ಕಿನ್ನರ ಹಾಬಿಟ್‌ಗಳಿದ್ದರು. ಹಕ್ಕಿನ ತಕರಾರು ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಅವರ ಹೆಸರು ‘ಹಾಫ್‌ಲಿಂಗ್’ ಎಂದಾಯಿತು, ಆಟಕ್ಕೆ ಏನೂ ಆಗಲಿಲ್ಲ. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ನಲ್ಲಿ ನಮ್ಮ ರಾಕ್ಷಸನೂ ಇದ್ದಾನೆ. ಹುಲಿಯ ತಲೆ ಹೊತ್ತು, ಚಿಲುಮೆ ಸೇದುತ್ತ ಠೀವಿಯಿಂದ ಕೂತಿದ್ದಾನೆ. ಹೆಸರು ರಾಮಾಯಣದ ನಾಡಿನದು, ಪ್ರೇರಣೆ ‘ಕೋಲ್ಚಾಕ್’ ಎಂಬ ಅಮೆರಿಕದ ಟಿ.ವಿ. ಧಾರಾವಾಹಿಯ ಒಂದು ಕಂತಿನದು. ಇಷ್ಟು ಸಲೀಸಾಗಿ ಬಂದು ಹೋಗುವ ಪ್ರಾಣಿಗಳು ಆಟದ ಗುರುತಾಗಲು ಸಾಧ್ಯವಿಲ್ಲ.

ದಾಳದ ಮಾತೂ ಹೀಗೆಯೇ. ಇಂದು ಆಟದ ಲಾಂಛನದಂತಿರುವ ಇಪ್ಪತ್ತು ಮುಖದ ದಾಳದ ಕಾಳಗ ಪದ್ಧತಿ 1974ರ ಪುಸ್ತಿಕೆಯಲ್ಲಿ ಬದಲಿ ವ್ಯವಸ್ಥೆಯಾಗಿ ಮಾತ್ರ ಇತ್ತು. ಮೂಲ ಪದ್ಧತಿಗೆ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ತಂದಿದ್ದ ‘ಚೈನ್‌ಮೇಲ್’ ಎಂಬ ಯುದ್ಧದಾಟವನ್ನು ನೋಡಿಕೊಳ್ಳಿ ಎಂದಿತ್ತು, ಅದಕ್ಕೆ ಮಾಮೂಲಿ ಆರು ಮುಖದ ದಾಳವೇ ಸಾಕಾಗಿತ್ತು. 1991ರ ‘ಆಂಬರ್’ ಆಟದಲ್ಲಿ ದಾಳವೇ ಇಲ್ಲ. 2005ರ ‘ಡ್ರೆಡ್’ನಲ್ಲಿ ದಾಳದ ಬದಲು ಮರದ ತುಂಡುಗಳ ಗೋಪುರವೊಂದರಿಂದ ಒಂದೊಂದೇ ತುಂಡು ಎಳೆಯುತ್ತಾರೆ, ಗೋಪುರ ಬಿದ್ದರೆ ಪಾತ್ರ ಕತೆಯಿಂದ ಹೊರಗೆ. ಇವನ್ನು ಆಡಿದ ಯಾರೂ ಇವು ಬೇರೆ ಜಾತಿಯ ಆಟ ಎನ್ನುವುದಿಲ್ಲ.

2008ರಲ್ಲಿ ಡಿ ಅಂಡ್ ಡಿಯ ನಾಲ್ಕನೆಯ ಆವೃತ್ತಿ ಬಂದಾಗ ಮಾತ್ರ ದೊಡ್ಡ ಜಗಳವೇ ಆಯಿತು. ಡ್ರ್ಯಾಗನ್ ಇತ್ತು, ದಾಳ ಇತ್ತು, ಹೆಸರೂ ಅದೇ. ಆದರೂ ಹಳೆಯ ಆಟಗಾರರಲ್ಲಿ ಬಹಳ ಮಂದಿ ಇದು ನಮ್ಮ ಆಟವಲ್ಲ ಎಂದರು, ಮೂರೂವರೆಯ ಆವೃತ್ತಿಯನ್ನು ಆಧರಿಸಿ 2009ರಲ್ಲಿ ಪೈಜೊ ಸಂಸ್ಥೆ ತಂದ ‘ಪಾಥ್‌ಫೈಂಡರ್’ ಕಡೆ ಹೋದರು. ಅವರ ದೂರುಗಳಲ್ಲಿ ಒಂದು: ಪ್ರತಿಯೊಂದು ಪಾತ್ರಕ್ಕೂ ಇಂತಿಂಥ ಶಕ್ತಿ ಎಂಬ ಪಟ್ಟಿ ಬಂದು, ಆಟಗಾರ ‘ಏನು ಮಾಡಲಿ’ ಎಂದು ಕತೆಯನ್ನು ನೋಡುವ ಬದಲು ಪಟ್ಟಿಯನ್ನು ನೋಡುವಂತಾಯಿತು. ಈ ದೂರು ಪೂರಾ ನ್ಯಾಯವಾದದ್ದಲ್ಲ. ಆ ಆವೃತ್ತಿಯ ನಿಯಮಗಳನ್ನು ತುಂಬ ಎಚ್ಚರದಿಂದ ಕಟ್ಟಿದ್ದರು, ಅದನ್ನು ಪ್ರೀತಿಸಿ ಆಡಿದವರೂ ಇದ್ದಾರೆ. ಆದರೂ ಆ ಜಗಳ ಒಂದು ವಿಷಯವನ್ನು ಬಯಲಿಗೆಳೆಯಿತು. ಹಾಬಿಟ್ ಹೋದಾಗ ಸುಮ್ಮನಿದ್ದ ಜನ, ಬಾಯಿಗೆ ಬಂದ ನಡೆಯನ್ನು ಹೇಳುವ ಸಲುಗೆ ಕಡಿಮೆಯಾಯಿತು ಎನ್ನಿಸಿದೊಡನೆ ಎದ್ದು ನಡೆದರು.

ಆ ಸಲುಗೆ ಡ್ರ್ಯಾಗನ್‌ಗಿಂತ ಬಹಳ ಹಳೆಯದು. ಪ್ರಶ್ಯದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಅಧಿಕಾರಿಗಳ ತರಬೇತಿಗೆಂದು ನಕ್ಷೆಯ ಮೇಲಿನ ಯುದ್ಧದಾಟ ‘ಕ್ರೀಗ್‌ಶ್ಪೀಲ್’ ರೂಪಿಸಿದ. ಎರಡೂ ಕಡೆಯವರು ತಮ್ಮ ಆಜ್ಞೆಗಳನ್ನು ನಡುವಿನ ತೀರ್ಪುಗಾರನಿಗೆ ಕೊಡಬೇಕು, ಪರಿಣಾಮವನ್ನು ಅವನು ಹೇಳಬೇಕು. ನಿಯಮ ಬೆಳೆಬೆಳೆದು ಭಾರವಾದಾಗ 1876ರಲ್ಲಿ ವೆರ್ಡಿ ಡು ವೆರ್ನ್ವಾ ಎಂಬ ಸೇನಾನಿ, ಕೋಷ್ಟಕಗಳನ್ನು ಬದಿಗಿಟ್ಟು ಅನುಭವಸ್ಥ ತೀರ್ಪುಗಾರನ ವಿವೇಕಕ್ಕೇ ಬಿಡಬೇಕು ಎಂದ. ಅಮೆರಿಕದಲ್ಲಿ ಚಾರ್ಲ್ಸ್ ಟಾಟನ್ 1880ರಲ್ಲಿ ಪ್ರಕಟಿಸಿದ ‘ಸ್ಟ್ರಾಟೆಗೋಸ್’ ಎಂಬ ಪುಸ್ತಕದಿಂದ ಇಂಥ ತೀರ್ಪುಗಾರನ ಕಲ್ಪನೆಯನ್ನು ಎತ್ತಿಕೊಂಡವನು ಮಿನೆಸೋಟದ ಡೇವ್ ವೆಸ್ಲಿ.

1969ರಲ್ಲಿ ವೆಸ್ಲಿ ನಡೆಸಿದ ‘ಬ್ರೌನ್‌ಸ್ಟೈನ್’ ಆಟವನ್ನು ಈ ಚರಿತ್ರೆಯ ನಿಜವಾದ ತಿರುವು ಎನ್ನಬೇಕು. ನೆಪೋಲಿಯನ್ ಕಾಲದ ಒಂದು ಕಲ್ಪಿತ ಜರ್ಮನ್ ಪಟ್ಟಣ, ಅದರ ಹೊರಗೆ ಎರಡು ಸೇನೆ. ಸೇನಾಪತಿಗಳ ಜತೆಗೆ ಊರಿನ ಗಣ್ಯರ ಪಾತ್ರಗಳನ್ನೂ ವೆಸ್ಲಿ ಉಳಿದ ಗೆಳೆಯರಿಗೆ ಹಂಚಿದ. ಕಾಳಗ ಶುರುವಾಗುವ ಮುನ್ನವೇ ಆಟಗಾರರು ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟತೊಡಗಿದರು, ಒಳಸಂಚು ಹೂಡಿದರು, ಇಬ್ಬರಂತೂ ದ್ವಂದ್ವಯುದ್ಧಕ್ಕೇ ನಿಂತರು. ವೆಸ್ಲಿ ಸಿದ್ಧಮಾಡಿಕೊಂಡಿದ್ದ ಕಾಳಗ ನಡೆಯಲೇ ಇಲ್ಲ. ಆಟ ಕೆಟ್ಟಿತು ಎಂದು ಅವನು ಬೇಸರಪಟ್ಟ, ಗೆಳೆಯರು ಮಾತ್ರ ಮತ್ತೊಮ್ಮೆ ಆಡಿಸು ಎಂದು ದುಂಬಾಲುಬಿದ್ದರು. ಆ ಗೆಳೆಯರಲ್ಲಿದ್ದ ಆರ್ನೆಸನ್ ಅದೇ ಉಪಾಯವನ್ನು ಕೋಟೆ, ಸುರಂಗ, ಭೂತಗಳ ಲೋಕಕ್ಕೆ ಒಯ್ದು ‘ಬ್ಲ್ಯಾಕ್‌ಮೂರ್’ ಕಟ್ಟಿದ, ಅದನ್ನು ಗೈಗ್ಯಾಕ್ಸ್‌ಗೆ ತೋರಿಸಿದ. ಡ್ರ್ಯಾಗನ್‌ಗಳು ಬಂದದ್ದು ಕೊನೆಗೆ.

ಈಗ ಮತ್ತೆ ಕೃಷ್ಣೆಯ ದಂಡೆಗೆ ಬರೋಣ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೆಮ್ಮೆಯಾದ ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ನೆನೆಯಿರಿ. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿ ಬೆಳೆಸಿದ, ಕೌಜಲಗಿ ನಿಂಗಮ್ಮನಂಥ ಕಲಾವಿದೆ ಅದನ್ನು ಊರೂರಿಗೆ ಮುಟ್ಟಿಸಿದಳು. ಭಾಗವತ ಬರಿಯ ಹಾಡುಗಾರನಲ್ಲ. ಬಂದ ಪಾತ್ರವನ್ನು ಮಾತಾಡಿಸುತ್ತಾನೆ, ಕೆಣಕುತ್ತಾನೆ, ಸಮಾಧಾನ ಹೇಳುತ್ತಾನೆ. ಭಾಗವತ, ದೂತಿಯರ ಮಾತಿನಲ್ಲಿ ದ್ವಾರಕೆಯ ನಡುವೆ ಆ ಊರಿನ ಸಂತೆಯೂ ಬರುತ್ತದೆ, ಆ ವರ್ಷದ ಮಳೆಯೂ ಬರುತ್ತದೆ. ಇದ್ಯಾವುದೂ ಬರೆದಿಟ್ಟದ್ದಲ್ಲ. ಆದರೆ ಬೆಳಗಾಗುವ ಹೊತ್ತಿಗೆ ಕತೆ ಸೇರಬೇಕಾದ ಜಾಗವನ್ನೇ ಸೇರುತ್ತದೆ. ಹೂವು ರುಕ್ಮಿಣಿಗೆ ಹೋಗಲೇಬೇಕು, ಸತ್ಯಭಾಮೆ ಮುನಿಯಲೇಬೇಕು, ಕೃಷ್ಣ ಕೊರವಂಜಿಯ ವೇಷದಲ್ಲಿ ಬರಲೇಬೇಕು.

ಹರದೇಶಿ-ನಾಗೇಶಿಯ ಗೀಗೀ ಮೇಳ ಇನ್ನೊಂದು ಬಗೆ. ಗಂಡು ಹೆಚ್ಚೆಂದು ಹಾಡುವವರು ಒಂದು ಕಡೆ, ಹೆಣ್ಣು ಹೆಚ್ಚೆಂದು ಹಾಡುವವರು ಇನ್ನೊಂದು ಕಡೆ. ಒಬ್ಬರ ಪ್ರಶ್ನೆಗೆ ಇನ್ನೊಬ್ಬರು ಹಾಡಿನಲ್ಲೇ ಉತ್ತರ ಕಟ್ಟಬೇಕು, ಪುರಾಣದ ಆಧಾರವನ್ನೂ ಕೊಡಬೇಕು. ಯಾರು ಮೇಲಾಗುತ್ತಾರೆ ಎಂಬುದು ಮೊದಲೇ ಗೊತ್ತಿಲ್ಲ. ಆದರೆ ಅಲ್ಲಿ ಕತೆಯೊಳಗೆ ಇಳಿದು ಬದುಕುವ ಪಾತ್ರವಿಲ್ಲ, ಪಕ್ಷವಿದೆ ಅಷ್ಟೆ. ಪಂಚಕಲ್ಯಾಣದಲ್ಲೋ ಪಾತ್ರವಿದೆ. ಆದರೆ ಇಂದ್ರ ಇವತ್ತು ಪಾಂಡುಕಶಿಲೆಗೆ ಹೋಗುವುದಿಲ್ಲ ಎನ್ನುವಂತಿಲ್ಲ, ಹಾಗೆನ್ನುವುದು ಆ ಆಚರಣೆಯ ಉದ್ದೇಶವೂ ಅಲ್ಲ.

ಪಾತ್ರಕ್ಕೆ ಇಳಿಯುವುದು, ಆಗಿಂದಾಗ ಮಾತು ಕಟ್ಟುವುದು, ಮುಂದೇನೆಂದು ತಿಳಿಯದಿರುವುದು: ಮೂರೂ ಈ ನೆಲದಲ್ಲಿವೆ, ಬೇರೆ ಬೇರೆ ಅಂಗಳಗಳಲ್ಲಿವೆ. ಮೇಜಿನ ಮೇಲಿನ ಪಾತ್ರದಾಟ ಅವನ್ನು ಒಂದೇ ಕಡೆ ತಂದಿತು. ಅದರ ಹೊಸತನ ಇಷ್ಟೇ, ಇದೇನೂ ಸಣ್ಣದಲ್ಲ.

ಕಾಸರಗೋಡಿನಿಂದ ಉತ್ತರ ಕನ್ನಡದವರೆಗಿನ ತಾಳಮದ್ದಲೆ ಇದಕ್ಕೆ ಇನ್ನೂ ಹತ್ತಿರ. ಅಲ್ಲೂ ವೇಷವಿಲ್ಲ. ಅರ್ಥಧಾರಿಗಳು ಎದುರುಬದುರು ಕೂತು ವಾಲಿಯಾಗಿ, ರಾಮನಾಗಿ ವಾದಕ್ಕಿಳಿಯುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಎದುರು ಕೂತವರು ಆ ಇರುಳು ಯಾವ ಪ್ರಶ್ನೆ ಬರುತ್ತದೋ ಎಂದು ಎಚ್ಚರದಲ್ಲೇ ಇರಬೇಕಾಗಿತ್ತು. ವಾಲಿ ಮಾತಿನಲ್ಲಿ ರಾಮನನ್ನು ಕಟ್ಟಿಹಾಕಬಹುದು. ಪ್ರಸಂಗದ ಪ್ರಕಾರ ಸಾಯುವವನು ಮಾತ್ರ ವಾಲಿಯೇ. ಪಾತ್ರದಾಟದಲ್ಲಾದರೆ ವಾಲಿಯ ವಾದಕ್ಕೆ ರಾಮ ಬಿಲ್ಲು ಇಳಿಸುವ ಸಾಧ್ಯತೆ ಕೊನೆಯ ಕ್ಷಣದವರೆಗೂ ತೆರೆದಿರುತ್ತದೆ. ತಾಳಮದ್ದಲೆಗೆ ಇದು ಕೊರತೆಯಲ್ಲ. ಗೊತ್ತಿರುವ ಕೊನೆಯತ್ತ ಹೊಸ ದಾರಿ ಹುಡುಕುವುದೇ ಅದರ ಸೊಗಸು.

ದಾಳದ ಜಾಗ ಯಾವುದೆಂದು ತಿಳಿಯಲು ಜೈನರದೇ ಒಂದು ಹಳೆಯ ಆಟ ನೆರವಾಗುತ್ತದೆ. ಇಂದು ಮಕ್ಕಳು ಹಾವು-ಏಣಿ ಎಂದು ಆಡುವುದು ಮೂಲದಲ್ಲಿ ಮೋಕ್ಷಪಟ, ಜ್ಞಾನ ಚೌಪಡ. ಜೈನರ ಪಟಗಳಲ್ಲಿ ಸಾಮಾನ್ಯವಾಗಿ 84 ಮನೆಗಳು. ಏಣಿಗಳು ಪುಣ್ಯದ್ದು, ಹಾವುಗಳು ಪಾಪದ್ದು, ಮೇಲೆ ಮೋಕ್ಷ. 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಮುದ್ರಿಸಿ ಮಾರಿದವರು ಮೋಕ್ಷವನ್ನು ಕೈಬಿಟ್ಟರು, ಕಾಲಕ್ರಮೇಣ ನೀತಿಯೂ ಉದುರಿ ಬರಿಯ ಓಟ ಉಳಿಯಿತು. ಮೋಕ್ಷಪಟದಲ್ಲಾಗಲಿ ಹಾವು-ಏಣಿಯಲ್ಲಾಗಲಿ ಆಡುವವನು ತೀರ್ಮಾನಿಸುವುದು ಏನೂ ಇಲ್ಲ, ಬಿದ್ದ ದಾಳವೇ ಎಲ್ಲ. ಪಾತ್ರದಾಟದಲ್ಲಿ ಮೊದಲು ತೀರ್ಮಾನ, ಆಮೇಲೆ ದಾಳ. ನಡೆಸುವವರಿಗೂ ಮುಂದಿನದು ಗೊತ್ತಾಗದಂತೆ ನೋಡಿಕೊಳ್ಳುವುದೇ ದಾಳದ ಕೆಲಸ. ಅದಿಲ್ಲದಿದ್ದರೆ ನಡೆಸುವವರು ಕತೆಗಾರರಾಗಿಬಿಡುತ್ತಾರೆ, ಆಡುವವರು ಕೇಳುಗರಾಗಿಬಿಡುತ್ತಾರೆ.

ಹಾಗಾದರೆ ಮಾಯಾಲೋಕವೇ ಏಕೆ ಬೇಕು? ಬರಿಯ ಅಲಂಕಾರಕ್ಕಂತೂ ಅಲ್ಲ. ಒಂದು ಲೋಕದಲ್ಲಿ ಏನು ಸಾಧ್ಯ, ಏನು ಅಸಾಧ್ಯ ಎಂಬ ತಿಳಿವಳಿಕೆ ಸುತ್ತ ಕೂತ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಇಲ್ಲದಿದ್ದರೆ ಯಾರೂ ಧೈರ್ಯವಾಗಿ ನಡೆ ಹೇಳಲಾರರು. ಗೈಗ್ಯಾಕ್ಸ್ 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ನ ಕೊನೆಯಲ್ಲಿ ತನ್ನನ್ನು ಪ್ರಭಾವಿಸಿದ ಕತೆಗಾರರ ಪಟ್ಟಿ ಕೊಟ್ಟದ್ದು ಇದಕ್ಕೇ: ರಾಬರ್ಟ್ ಹೊವಾರ್ಡ್, ಜ್ಯಾಕ್ ವಾನ್ಸ್, ಟೋಲ್ಕಿನ್. ಅದು ಅವನ ನೆರೆಹೊರೆಯ ಓದುಗರ ಪಾಲಿನ ಪುರಾಣ. ಕೊರವಂಜಿಯ ಕಣಿ, ನಾರದನ ಸಂಚಾರ, ಮುನಿಗೆ ಉಪಸರ್ಗ (ಕಾಟ) ಕೊಡುವ ವ್ಯಂತರ ದೇವತೆ, ನೆಲದಡಿಯ ನಿಧಿ ಕಾಯುವ ಹಾವು ಇವೆಲ್ಲ ಶೇಡಬಾಳದ ಹುಡುಗಿಗೆ ವಿವರಣೆಯಿಲ್ಲದೆ ಗೊತ್ತು. ಗಂಗವ್ವನಿಗೆ ಉಡಿ ತುಂಬುವ ಯೋಚನೆ ಅವಳಿಗೆ ಬಂದದ್ದು ಅದರಿಂದಲೇ. ಎಲ್ಫ್ ಏನು ತಿನ್ನುತ್ತಾನೆ, ಡ್ವಾರ್ಫ್ ಯಾಕೆ ಮುನಿಯುತ್ತಾನೆ ಎಂದು ಅವಳಿಗೆ ಮೊದಲು ಪಾಠ ಮಾಡಿ ಆಟ ಶುರುಮಾಡಿದರೆ, ಅವಳು ನಡೆ ಹೇಳುವ ಮೊದಲು ಅಪ್ಪಣೆ ಕೇಳತೊಡಗುತ್ತಾಳೆ. ಅಲ್ಲಿಗೆ ಆಟ ಅರ್ಧ ಸತ್ತಂತೆ.

ನಮ್ಮದೇ ನಂಬಿಕೆಗಳಿಂದ ಆಟದ ಲೋಕ ಕಟ್ಟುವ ಪ್ರಯತ್ನಕ್ಕೆ ಮಾದರಿಯೂ ಇದೆ. 2022ರಲ್ಲಿ ಬಂದ ಡಿ ಅಂಡ್ ಡಿಯ ಅಧಿಕೃತ ಪುಸ್ತಕ ‘ಜರ್ನೀಸ್ ಥ್ರೂ ದಿ ರೇಡಿಯೆಂಟ್ ಸಿಟಡೆಲ್’ನಲ್ಲಿ ಲೇಖಕಿ ಮಿಮಿ ಮಂಡಲ್ ಬಂಗಾಳದ ನದಿ, ಕಾಡು, ಜನಪದ ನಂಬಿಕೆಗಳನ್ನು ಹಿಡಿದು ‘ಶಂಖಭೂಮಿ’ ಎಂಬ ನಾಡನ್ನೇ ಕಟ್ಟಿದ್ದಾರೆ. ಬೆಳಗಾವಿ ಜಿಲ್ಲೆಗೆ ಈ ವಿಷಯದಲ್ಲಿ ಬಡತನವಿಲ್ಲ. ಘೋಡಗೇರಿಯ ಚಂದ್ರಶೇಖರ ಕಂಬಾರರು ಶಿವಾಪುರ ಎಂಬ ಕಲ್ಪಿತ ಊರನ್ನು ಕಾವ್ಯ, ನಾಟಕ, ಕಾದಂಬರಿಗಳಲ್ಲಿ ದಶಕಗಳ ಕಾಲ ಕಟ್ಟುತ್ತ ಬಂದವರು. ದೈವ, ಮಾಯೆ, ಗೌಡಿಕೆ, ಹಸಿವು ಎಲ್ಲ ಕೂಡಿದ ಅಂಥ ಊರು ಪಾತ್ರದಾಟಕ್ಕೆ ಹೇಳಿ ಮಾಡಿಸಿದ ನೆಲೆ.

ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಬೇಕಾದಷ್ಟು ಇಂಥ ಆಟಗಳಿರುವಾಗ ಮೇಜು ಯಾಕೆ ಎಂದು ಕೇಳುವವರಿದ್ದಾರೆ. 2023ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ ಡಿ ಅಂಡ್ ಡಿಯ ನಿಯಮಗಳ ಮೇಲೇ ನಿಂತ ಅದ್ಭುತ ಕಂಪ್ಯೂಟರ್ ಆಟ. ಅದರಲ್ಲಿ ಆಯ್ಕೆಗಳು ರಾಶಿರಾಶಿ ಇವೆ, ಪ್ರತಿಯೊಂದನ್ನೂ ಯಾರೋ ಮೊದಲೇ ಬರೆದಿದ್ದಾರೆ. ಬರೆಯದಿದ್ದ ನಡೆಯನ್ನು ಅಲ್ಲಿ ಹೇಳಲು ಬಾಯಿಲ್ಲ.

ಹಾಗೆಂದು ಮನಸ್ಸಿಗೆ ಬಂದದ್ದೆಲ್ಲ ನಡೆಯುತ್ತದೆ ಎಂದಲ್ಲ. ಎಲ್ಲದಕ್ಕೂ ‘ಆಯಿತು’ ಎನ್ನುವವರು ಆಟವನ್ನು ಹರಟೆಗೆ ಇಳಿಸುತ್ತಾರೆ, ಎಲ್ಲದಕ್ಕೂ ‘ಆಗುವುದಿಲ್ಲ’ ಎನ್ನುವವರು ಅದನ್ನು ತಮ್ಮ ಪ್ರವಚನ ಮಾಡಿಕೊಳ್ಳುತ್ತಾರೆ. ನಿಯಮಗಳು ಬೇಕಾಗುವುದು ಇಲ್ಲೇ. ಅವು ಆಡುವವರಿಗೆ ಹಾಕುವ ಬೇಲಿಯಲ್ಲ, ನಡೆಸುವವರ ಮರ್ಜಿಗೆ ಹಾಕುವ ಕಡಿವಾಣ. ಇಂದು ಒಬ್ಬರಿಗೆ ಕೊಟ್ಟ ತೀರ್ಪು ನಾಳೆ ಇನ್ನೊಬ್ಬರಿಗೂ ಸಲ್ಲಬೇಕು.

ಕನ್ನಡದಲ್ಲಿ ಇದನ್ನು ಮಾಡಲು ಕಾನೂನಿನ ಅಡ್ಡಿಯೂ ಈಗಿಲ್ಲ. 2023ರ ಜನವರಿಯಲ್ಲಿ, ಆಟದ ಒಡೆತನವಿರುವ ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ ಹಳೆಯ ಮುಕ್ತ ಪರವಾನಗಿಯನ್ನು ಬಿಗಿ ಮಾಡಲು ಹೊರಟಾಗ ಆಟಗಾರರೂ ಸಣ್ಣ ಪ್ರಕಾಶಕರೂ ತಿರುಗಿಬಿದ್ದರು. ಅದೇ ತಿಂಗಳು ಮುಗಿಯುವುದರೊಳಗೆ ಸಂಸ್ಥೆ ಹಿಂದೆ ಸರಿದು, ಐದನೆಯ ಆವೃತ್ತಿಯ ಮೂಲ ನಿಯಮಗಳ ಸುಮಾರು 400 ಪುಟಗಳ ದಸ್ತಾವೇಜನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಮೂಲವನ್ನು ಹೆಸರಿಸಿದರೆ ಸಾಕು, ಯಾರು ಬೇಕಾದರೂ ಅದನ್ನು ಕನ್ನಡಕ್ಕೆ ತರಬಹುದು, ತಿದ್ದಬಹುದು, ಮಾರಲೂಬಹುದು.

ಆದರೆ ಆ ಪುಟಗಳನ್ನು ಒಂದೇ ಸಮನೆ ಅನುವಾದಿಸಲು ಕೂರುವುದು ತಪ್ಪು ಆರಂಭ. ಅಲ್ಲಿ ಆಯುಧಗಳ ಬೆಲೆಯಿದೆ, ಮಂತ್ರಗಳಿವೆ, ಪ್ರಾಣಿಗಳಿವೆ, ವಿಷ ಮತ್ತು ಬೋನುಗಳ ಲೆಕ್ಕವಿದೆ. ಆಟಗಾರ್ತಿಯೊಬ್ಬಳು ಯಾರೂ ಎಣಿಸದ ಮಾತು ಆಡಿದಾಗ ಅದನ್ನು ಕಿವಿಗೊಟ್ಟು ಕೇಳುವುದು ಹೇಗೆ, ಅವಳ ಧೈರ್ಯ ಕೆಡದಂತೆ ಕಷ್ಟವನ್ನು ಮುಂದಿಡುವುದು ಹೇಗೆ, ಮೂಲೆಯಲ್ಲಿ ಸುಮ್ಮನೆ ಕೂತವನನ್ನು ಮಾತಿಗೆಳೆಯುವುದು ಹೇಗೆ ಎಂಬುದು ಅಲ್ಲಿಲ್ಲ. ಆ ಅಧ್ಯಾಯವನ್ನು ಕನ್ನಡದಲ್ಲಿ ಹೊಸದಾಗಿಯೇ ಬರೆಯಬೇಕು. ಬರೆಯುವವರು ಪಾರಿಜಾತದ ಭಾಗವತರ ಪಕ್ಕ, ಗೀಗೀ ಮೇಳದವರ ಪಕ್ಕ ಕೂತು, ಅವರು ಎದುರಿನವರ ಮಾತನ್ನು ಹಿಡಿಯುವ ಬಗೆಯನ್ನು ಕೇಳಿ ಬರೆದುಕೊಳ್ಳಬೇಕು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕನ್ನಡ ವಿಭಾಗವಾಗಲಿ, ಹಾವೇರಿ ಜಿಲ್ಲೆ ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಾಗಲಿ ಕೈಗೆತ್ತಿಕೊಳ್ಳಬಹುದಾದ ಕೆಲಸ ಇದು. ಆಯುಧಗಳ ಬೆಲೆಪಟ್ಟಿ ಆಮೇಲೆ ಬಂದರೂ ನಡೆಯುತ್ತದೆ.